ಏಳನೇ ತಾಕಿನ ಬುಡಗಳು

ಹಗ್ಗದಕ್ಕನಿಗೆ ಮೆಕ್ಕೆಜೋಳದ ಮೇಲೆ ಹೊಟ್ಟೆಕಿಚ್ಚು.

ನಗಬೇಡಿ. ಹದಿನೆಂಟು ವರ್ಷ ಆ ಸಂಶೋಧನಾ ಫಾರಂನಲ್ಲಿ ಸೊಂಟ ಬಗ್ಗಿಸಿದವಳಿಗೆ ಅದು ಬಾರದಿದ್ದರೆ ಆಶ್ಚರ್ಯಪಡಬೇಕು. ಅಲ್ಲಿ ಒಂದೊಂದು ಗಿಡಕ್ಕೂ ಅಳೆದು ಜಾಗ ಕೊಡುತ್ತಾರೆ. ಸಾಲಿನಿಂದ ಸಾಲಿಗೆ ಅರವತ್ತು ಸೆಂಟಿಮೀಟರು. ಗಿಡದಿಂದ ಗಿಡಕ್ಕೆ ಹದಿನೈದೋ ಇಪ್ಪತ್ತೋ ಇಪ್ಪತ್ತೈದೋ, ಆ ತಾಕಿನ, ಅಂದರೆ ಪ್ರಯೋಗದ ತುಂಡು ಹೊಲದ, ಹಲಗೆಯ ಮೇಲೆ ಏನು ಬರೆದಿದೆಯೋ ಅಷ್ಟು. ಒಂದು ಗುಣಿಯಲ್ಲಿ ಎರಡು ಮೊಳಕೆ ಬಂದರೆ ಹನ್ನೆರಡನೇ ದಿನ ಒಂದನ್ನು ಕಿತ್ತು ಇನ್ನೊಂದನ್ನು ಬಿಡಬೇಕು. ಇಕ್ಕಟ್ಟಾದರೆ ಅದು ತೆನೆ ಕಟ್ಟುವುದಿಲ್ಲವಂತೆ. ಗೊಬ್ಬರವೂ ಹಾಗೆಯೇ. ಬಿತ್ತುವಾಗ ಒಂದು ಪಾಲು, ಮೊಣಕಾಲೆತ್ತರ ಬಂದಾಗ ಒಂದು ಪಾಲು, ತಲೆಯಲ್ಲಿ ಹೂವಿನ ಸೂಲಂಗಿ ಒಡೆಯುವ ಮುಂಚೆ ಇನ್ನೊಂದು. ಒಂದೇ ಸಲ ಸುರಿದರೆ ಅರ್ಧ ನೀರಿನ ಪಾಲಾಗುತ್ತದೆ, ಕೂಸಿಗೆ ತುತ್ತು ಮಾಡಿ ತಿನ್ನಿಸಿದ ಹಾಗೆ ತಿನ್ನಿಸಬೇಕು ಎಂದು ಫಾರಂನ ಸಾಹೇಬ ಹೇಳುತ್ತಾನೆ. ಪೊಟ್ಟಣಗಳಲ್ಲಿ ತೂಗಿ ಕೊಡುತ್ತಾನೆ. ಒಂದು ಚಮಚ ಹೆಚ್ಚಾದರೆ ಬೈಗುಳ, ಕಡಿಮೆಯಾದರೂ ಬೈಗುಳ.

ಹಗ್ಗದಕ್ಕ ಇದ್ದದ್ದು ಕೂಲಿಯವರ ಸಾಲುಮನೆಯಲ್ಲಿ. ಹತ್ತಡಿಗೆ ಹತ್ತಡಿ ಕೋಣೆ, ಒಂದು ಕಿಟಕಿ. ಅವಳು, ಅವಳ ಗಂಡ, ಅತ್ತೆ, ಇಬ್ಬರು ಹೆಣ್ಣುಮಕ್ಕಳು, ತಂಗಿ, ತಂಗಿಯ ಕೂಸು. ಒಂದೇ ಗುಣಿಯಲ್ಲಿ ಏಳು ಗಿಡ. ಯೂರಿಯಾ ಚೀಲಗಳನ್ನು ಬಿಚ್ಚಿ ಹೊಲಿದ ಪರದೆಯೊಂದು ನಡುವೆ ಇಳಿಬಿದ್ದಿತ್ತು. ಪರದೆಯ ಆಚೆ ತಂಗಿ ಮಗ್ಗುಲು ಬದಲಿಸಿದರೆ ಈಚೆ ಅತ್ತೆಯ ಮಂಡಿಗೆ ತಾಗುತ್ತಿತ್ತು. ಹನ್ನೆರಡನೇ ದಿನ ಬಂದು ಇವರಲ್ಲಿ ಒಬ್ಬರನ್ನಾದರೂ ಬೇರೆ ಕಡೆ ನಾಟಿ ಮಾಡುವ ಪುಣ್ಯಾತ್ಮ ಯಾರೂ ಇರಲಿಲ್ಲ.

ಆದರೆ ಗಿಡದ ಮೇಲಿನ ಕಿಚ್ಚು ಬೂದಿ ಮುಚ್ಚಿದ ಕೆಂಡ. ಭಗ್ಗನೆ ಉರಿಯುವ ಕಿಚ್ಚು ಬೇರೆ ಇತ್ತು. ಅದು ಒಡಹುಟ್ಟಿದ ತಂಗಿಯ ಮೇಲೆ.

ತಂಗಿ ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವಳು. ತಾಯಿ ಹಾಸಿಗೆ ಹಿಡಿದ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕನೇ. ತಂಗಿ ಶಾಲೆಗೆ ಹೋಗಲೆಂದು ಅಕ್ಕ ಶಾಲೆ ಬಿಟ್ಟಳು. ಯಾರೂ ಬಿಡು ಎನ್ನಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ತಂಗಿ ಹತ್ತನೇ ತರಗತಿವರೆಗೆ ಓದಿದಳು. ಮದುವೆಯಾಯಿತು. ಗಂಡ ಬಿಟ್ಟುಹೋದ. ಕೈಗೂಸನ್ನೆತ್ತಿಕೊಂಡು ಅಕ್ಕನ ಬಾಗಿಲಿಗೆ ಬಂದಳು. ನಾಲ್ಕು ವರ್ಷದ ಹಿಂದೆ ಮೇಸ್ತ್ರಿಯ ಕೈಕಾಲು ಹಿಡಿದು ಅವಳನ್ನು ಫಾರಂಗೆ ಸೇರಿಸಿದವಳೂ ಅಕ್ಕನೇ. ಕಳೆ ಕೀಳುವುದು, ಗುಣಿ ಹೊಡೆಯುವುದು, ಎಲೆಗೆ ಮುಖ ಕೊಯ್ಯದಂತೆ ಸಾಲಿನೊಳಗೆ ನುಗ್ಗುವುದು, ಎಲ್ಲವನ್ನೂ ಕಲಿಸಿದಳು.

ಈ ವರ್ಷ ಬಿತ್ತನೆಗೆ ಒಂದು ವಾರ ಇರುವಾಗ ಸಾಹೇಬ ಇಬ್ಬರನ್ನೂ ಕಚೇರಿಗೆ ಕರೆಸಿದ. ಕೂಲಿ ಹೆಂಗಸರು ಜಗಲಿಯ ಕೆಳಗಿನ ಮೆಟ್ಟಿಲು ದಾಟುವಂತಿಲ್ಲ. ಒಳಗಿನ ಕುಡಿಯುವ ನೀರಿನ ಯಂತ್ರ ಕಚೇರಿಯವರಿಗೆ, ದನದ ಕೊಟ್ಟಿಗೆಯ ಹಿಂದಿನ ನಲ್ಲಿ ಇವರಿಗೆ. ಹಗ್ಗದಕ್ಕ ಮೆಟ್ಟಿಲಿನಲ್ಲಿ ನಿಂತಳು. ಸಾಹೇಬ ತಂಗಿಯತ್ತ ನೋಡಿ, "ನೀನು ಮೇಲೆ ಬಾ" ಎಂದ. ತಂಗಿ ಹತ್ತಿದಳು. ಅಲ್ಲೊಂದು ಕುರ್ಚಿ ಇತ್ತು. "ಕೂತ್ಕೋ" ಎಂದ. ಅವಳು ಅಕ್ಕನ ಮುಖ ನೋಡಿದಳು, ಆಮೇಲೆ ಕುರ್ಚಿಯ ಅಂಚಿನಲ್ಲಿ ಕೂತಳು.

ಹದಿನೆಂಟು ವರ್ಷದಲ್ಲಿ ಆ ಕುರ್ಚಿಯನ್ನು ಹಗ್ಗದಕ್ಕ ಒರೆಸಿದ್ದಳು, ಎತ್ತಿಟ್ಟಿದ್ದಳು, ಮುರಿದ ಕಾಲಿಗೆ ತಂತಿ ಸುತ್ತಿದ್ದಳು. ಕೂತಿರಲಿಲ್ಲ.

"ಇನ್ಮೇಲೆ ಬಿತ್ತೋ ಹಗ್ಗ ನಿನ್ನ ತಂಗಿ ಹಿಡೀಲಿ" ಎಂದ ಸಾಹೇಬ. "ಹಗ್ಗ, ಲೆಕ್ಕದ ಪುಸ್ತಕ ಎರಡೂ ಒಬ್ರ ಕೈಲಿದ್ರೆ ನನಗೂ ಸಲೀಸು. ಕಟಾವು ಆದ್ಮೇಲೆ ಒಂದು ಖಾಯಂ ಹುದ್ದೆ ಬರ್ತಿದೆ. ಕ್ಷೇತ್ರ ಸಹಾಯಕಿ. ಎರಡು ಕೋಣೆ ಮನೆ, ಒಳಗೇ ನಲ್ಲಿ. ಬರೆಯೋಕೆ ಬರೋರಿಗೆ ಕೊಡಬೇಕು ಅಂತ ಯೋಚನೆ ಮಾಡಿದೀನಿ."

"ನಂದು ಹದಿನೆಂಟು ವರ್ಷ ಆಯ್ತು ಸಾಹೇಬ್ರೆ" ಎಂದಳು ಹಗ್ಗದಕ್ಕ.

"ಅದಕ್ಕೇನು ಮಾಡೋಣ? ನೀನು ನಿಂತಿರೋ ಆ ಮೆಟ್ಟಿಲಿಗೂ ಹದಿನೆಂಟು ವರ್ಷ ಆಗಿದೆ."

ಗುಮಾಸ್ತ ನಕ್ಕ. ತಂಗಿ ನಗಲಿಲ್ಲ, ಆದರೆ ಕುರ್ಚಿಯಿಂದ ಏಳಲೂ ಇಲ್ಲ. ಹಗ್ಗದಕ್ಕ ಅದನ್ನು ನೆನಪಿಟ್ಟುಕೊಂಡಳು.

ಆ ಸಂಜೆ ಪಾತ್ರೆಗಳು ಸ್ವಲ್ಪ ಜೋರಾಗಿಯೇ ಸದ್ದು ಮಾಡಿದವು. ಅತ್ತೆಗೆ ಎಲ್ಲ ಅರ್ಥವಾಯಿತು. "ಅವಳು ಆ ಮನೆಗೆ ಹೋದ್ರೆ ನಮಗೆ ಕಾಲು ಚಾಚೋಕೆ ಜಾಗ ಆಗುತ್ತಲ್ಲೇ. ನಿನ್ನ ಹೊಟ್ಟೆ ಯಾಕೆ ಉರೀಬೇಕು?" ಎಂದಳು.

"ಉರಿಯೋ ಹೊಟ್ಟೆ ನಂದು. ನಿಮಗ್ಯಾಕೆ ಬಿಸಿ?"

"ಪಕ್ಕದಲ್ಲೇ ಮಲಗ್ತೀನಲ್ಲ, ತಾಗುತ್ತೆ" ಎಂದಳು ಮುದುಕಿ.

ಹಗ್ಗದ ವಿಷಯ ಹೇಳಬೇಕು. ಬಿತ್ತುವ ಹಗ್ಗವೆಂದರೆ ತಾಕಿನ ಈ ಗೂಟದಿಂದ ಆ ಗೂಟಕ್ಕೆ ಎಳೆದು ಕಟ್ಟುವ ಹತ್ತಿ ಹಗ್ಗ. ಅದರ ಉದ್ದಕ್ಕೂ ಅಳತೆಗೆ ಸರಿಯಾಗಿ ಕೆಂಪು ಚಿಂದಿ ಕಟ್ಟಿರುತ್ತಾರೆ. ಚಿಂದಿ ಇರುವಲ್ಲಿ ಗುಣಿ, ಗುಣಿಯಲ್ಲಿ ಕಾಳು. ಹದಿನೈದಕ್ಕೆ ಒಂದು ಹಗ್ಗ, ಇಪ್ಪತ್ತಕ್ಕೆ ಒಂದು, ಇಪ್ಪತ್ತೈದಕ್ಕೆ ಒಂದು. ಇವುಗಳನ್ನು ಕಟ್ಟಿದವಳು, ಒಣಗಿಸಿದವಳು, ಇಲಿ ಕಡಿಯದಂತೆ ಕಾದವಳು ಅವಳೇ ಆದ್ದರಿಂದ ಹಗ್ಗದಕ್ಕ ಎಂಬ ಹೆಸರು. ತಾಯಿ ಇಟ್ಟ ಹೆಸರು ಹಾಜರಿ ಪಟ್ಟಿಯಲ್ಲಿ ಮಾತ್ರ ಇತ್ತು.

ಈ ವರ್ಷ ಇಪ್ಪತ್ತೈದರ ಹಗ್ಗ ಜೀರ್ಣವಾಗಿತ್ತು. ಹೊಸದು ತರಿಸಿದರು. ಹೊಸ ಹತ್ತಿ ಹಗ್ಗಕ್ಕೆ ಒಂದು ಕೆಟ್ಟ ಬುದ್ಧಿ ಇದೆ. ನೆನೆದರೆ ಕುಗ್ಗುತ್ತದೆ. ಅದಕ್ಕೇ ಮೊದಲು ತೊಟ್ಟಿಯಲ್ಲಿ ಒಂದು ರಾತ್ರಿ ನೆನೆಹಾಕಿ, ಎರಡು ಕಂಬಗಳ ನಡುವೆ ಕಲ್ಲು ತೂಗುಹಾಕಿ ಎರಡು ದಿನ ಬಿಗಿದು, ಅದರ ಸೊಕ್ಕು ಇಳಿಸಿ, ಆಮೇಲೆ ಚಿಂದಿ ಕಟ್ಟಬೇಕು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮೊದಲ ವರ್ಷವೇ ತಪ್ಪು ಮಾಡಿ, ಮೇಸ್ತ್ರಿಯ ಕೈಲಿ ಬೆನ್ನಿಗೆ ಬಾರಿಸಿಕೊಂಡು ಹಗ್ಗದಕ್ಕ ಕಲಿತದ್ದು.

ಅಕ್ಕ ಹಗ್ಗ ನೆನೆಹಾಕುವುದನ್ನು ತಂಗಿ ನೋಡಿದ್ದಳು. ಯಾವಾಗ, ಯಾಕೆ ಎಂದು ಕೇಳಿರಲಿಲ್ಲ. ಅವಳು ಒಣ ಹಗ್ಗವನ್ನೇ ಹಾಸಿ, ಟೇಪು ಹಿಡಿದು, ಇಪ್ಪತ್ತೈದಕ್ಕೆ ಒಂದರಂತೆ ಚೊಕ್ಕವಾಗಿ ಚಿಂದಿ ಕಟ್ಟಿದಳು. ಸಾಹೇಬನೇ ಬಂದು ಅಳೆದು ಭೇಷ್ ಎಂದ. ಆಮೇಲೆ, ಅಕ್ಕ ಮಾಡುತ್ತಿದ್ದಳಲ್ಲ ಎಂದು, ಬಿತ್ತನೆಯ ಹಿಂದಿನ ಸಂಜೆ ತೊಟ್ಟಿಯಲ್ಲಿ ನೆನೆಹಾಕಿದಳು.

ಬೆಳಿಗ್ಗೆ ಮುಖ ತೊಳೆಯಲು ಹೋದ ಹಗ್ಗದಕ್ಕ ತೊಟ್ಟಿಯಲ್ಲಿ ಹಗ್ಗ ನೋಡಿದಳು. ಕೆಂಪು ಚಿಂದಿಗಳು ನೀರಿನಲ್ಲಿ ತೇಲುತ್ತಿದ್ದವು. ಮಾತು ತುಟಿಯವರೆಗೆ ಬಂತು. ತಂಗಿ ಆ ಹೊತ್ತಿಗೆ ಪುಸ್ತಕವನ್ನು ಕಂಕುಳಲ್ಲಿಟ್ಟು, ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡು ಬಂದಳು.

"ಏನಕ್ಕಾ, ಹಗ್ಗ ಸರಿಯಾಗಿ ನೆಂದಿದೆಯಾ?"

"ನನ್ನನ್ನ ಯಾಕೆ ಕೇಳ್ತೀಯ? ಪುಸ್ತಕದಲ್ಲಿ ನೋಡು" ಎಂದಳು ಹಗ್ಗದಕ್ಕ. ಮಾತನ್ನು ನುಂಗಿದಳು. ನುಂಗಿದ್ದು ಸಿಹಿಯಾಗಿಯೇ ಇತ್ತು.

ಇಪ್ಪತ್ತೈದರ ಹಗ್ಗದಲ್ಲಿ ಬಿತ್ತಿದ ತಾಕುಗಳು ಮೂರು. ಮೂರಕ್ಕೂ ಬೇರೆ ಬೇರೆ ಗೊಬ್ಬರದ ಲೆಕ್ಕ. ಅವುಗಳಲ್ಲಿ ಏಳನೇ ನಂಬರಿನ ತಾಕಿಗೆ ಸಾಹೇಬ ಯೂರಿಯಾವನ್ನು ಹೆಚ್ಚಿಸಿ, ನಾಲ್ಕು ಪಾಲು ಮಾಡಿ ಕೊಡಿಸಿದ. ಕೊಡಿಸಿದ ಎಂದರೆ ಹಗ್ಗದಕ್ಕ ಮತ್ತು ಉಳಿದ ಹೆಂಗಸರು ಕೊಟ್ಟರು. ಗಿಡದ ಬುಡದಿಂದ ನಾಲ್ಕು ಬೆರಳು ಬಿಟ್ಟು, ಗೀರು ಎಳೆದು, ಚಮಚದಲ್ಲಿ ಹಾಕಿ, ಮಣ್ಣು ಮುಚ್ಚಬೇಕು. ಸಾಲಿನ ಒಂದು ತುದಿಯಲ್ಲಿ ಬಗ್ಗಿದವಳು ಇನ್ನೊಂದು ತುದಿಯಲ್ಲೇ ಏಳಬೇಕು. ಬೆವರಿಗೆ ಯೂರಿಯಾ ಕರಗಿ ಬೆರಳ ಸಂದಿಯ ಬಿರುಕಿಗೆ ಇಳಿಯುತ್ತಿತ್ತು. ಮೆಣಸಿನಪುಡಿ ಉಜ್ಜಿದ ಹಾಗೆ ಉರಿ. ಕೈಗವಸು ಕೇಳಿದರೆ, "ಬಂದಿಲ್ಲ" ಎಂಬ ಉತ್ತರ ಹದಿನೆಂಟು ವರ್ಷದಿಂದ ಬದಲಾಗಿರಲಿಲ್ಲ. ತಂಗಿ ಬದುವಿನ ಮೇಲೆ ಕೊಡೆ ಹಿಡಿದು ನಿಂತು, ಯಾವ ಸಾಲಿಗೆ ಎಷ್ಟು ಪೊಟ್ಟಣ ಎಂದು ಬರೆದುಕೊಳ್ಳುತ್ತಿದ್ದಳು. ಅವಳ ಬೆರಳುಗಳು ದಿನದಿನಕ್ಕೆ ವಾಸಿಯಾಗುತ್ತಿದ್ದವು. ಹಗ್ಗದಕ್ಕ ಅದನ್ನೂ ನೋಡುತ್ತಿದ್ದಳು.

ಏಳನೇ ತಾಕು ಎಲ್ಲವನ್ನೂ ಮೀರಿ ಬೆಳೆಯಿತು. ಹದಿನೈದರ ತಾಕುಗಳು ಒತ್ತೊತ್ತಾಗಿ ಬೆಳಕಿಗೆ ಗುದ್ದಾಡಿ, ಕಡ್ಡಿಯಾಗಿ, ಅರ್ಧ ಗಿಡ ಬಂಜೆಯಾದವು. ಇಪ್ಪತ್ತರ ತಾಕುಗಳು ಗಾಳಿಗೆ ಮಲಗಿದವು. ಏಳನೆಯದು ನೆಟ್ಟಗೆ ನಿಂತು ಗೇಣುದ್ದದ ತುಂಬು ತೆನೆ ಕೊಟ್ಟಿತು. ತೂಕ ಮಾಡಿದ ದಿನ ಸಾಹೇಬ ಹಲ್ಲು ಬಿಟ್ಟುಕೊಂಡೇ ಓಡಾಡಿದ. ಇಪ್ಪತ್ತೈದು ಸೆಂಟಿಮೀಟರು, ನಾಲ್ಕು ಪಾಲು ಗೊಬ್ಬರ. ಮೇಲಿನ ಕಚೇರಿಗೆ ಅಂದೇ ಬರೆದು ಕಳಿಸಿದ. ಹೊಸ ಶಿಫಾರಸು ಅವನ ಹೆಸರಿನಲ್ಲಿ ಅಚ್ಚಾಗಲಿತ್ತು. ಬೆಳೆಗಾರರನ್ನೂ ಮೇಲಿನ ನಿರ್ದೇಶಕಿಯನ್ನೂ ಕರೆದು ತಾಕು ತೋರಿಸುವ ದಿನ ಗೊತ್ತಾಯಿತು. ತಂಗಿಯ ಹುದ್ದೆಯ ಕಾಗದವನ್ನು ಅಂದೇ ನಿರ್ದೇಶಕಿಯ ಕೈಯಿಂದ ಕೊಡಿಸುವುದು ಎಂದೂ ಆಯಿತು.

ತೆನೆ ಮುರಿದ ಮೇಲೆ ಏಳನೇ ತಾಕಿನ ಗಿಡ ಕಡಿದು ಬುಡಗಳನ್ನಷ್ಟೇ ಉಳಿಸಿದವಳು ಹಗ್ಗದಕ್ಕ. ಕಡಿಯುವಾಗ ಎಣಿಸುವುದು ಅವಳ ಅಭ್ಯಾಸ. ಎಣಿಸುತ್ತಿದ್ದರೆ ಸೊಂಟದ ನೋವು ಸ್ವಲ್ಪ ಹಿಂದೆ ಸರಿಯುತ್ತದೆ. ಐದು ಮೀಟರಿನ ಸಾಲು, ಇಪ್ಪತ್ತೈದಕ್ಕೆ ಒಂದರಂತೆ ಇಪ್ಪತ್ತು ಗಿಡ ಇರಬೇಕು. ಇಪ್ಪತ್ತಮೂರು ಬಂತು. ಎರಡನೇ ಸಾಲು ಇಪ್ಪತ್ತಮೂರು. ಎಂಟೂ ಸಾಲು ಇಪ್ಪತ್ತಮೂರು. ಬುಡದಿಂದ ಬುಡಕ್ಕೆ ಗೇಣು ಹಾಕಿದಳು. ಅವಳ ಗೇಣು ಇಪ್ಪತ್ತು ಸೆಂಟಿಮೀಟರು, ಅದು ಎಂದೂ ತಪ್ಪಿದ್ದಿಲ್ಲ. ಗೇಣಿನ ಮೇಲೆ ಬರೀ ಒಂದು ಬೆರಳು ಉಳಿಯಿತು.

ಅಂದರೆ ಬಂಪರ್ ಬೆಳೆ ಬಂದದ್ದು ಇಪ್ಪತ್ತೈದಕ್ಕಲ್ಲ, ಇಪ್ಪತ್ತೆರಡಕ್ಕೆ. ಅದನ್ನು ಯಾವ ಸಾಹೇಬನೂ ಯೋಚಿಸಿರಲಿಲ್ಲ. ನೆನೆದ ಹಗ್ಗವೊಂದು ಯೋಚಿಸಿತ್ತು.

ತಂಗಿ ಪುಸ್ತಕದಲ್ಲಿ ಪ್ರತಿ ಸಾಲಿಗೂ ಇಪ್ಪತ್ತು ಎಂದು ಬರೆದಿದ್ದಳು. ಎಣಿಸದೆ ಬರೆದಿದ್ದಳು. ಹಗ್ಗದಕ್ಕನಿಗೆ ಎಷ್ಟು ಖುಷಿಯಾಯಿತೆಂದರೆ, ಆ ಸಂಜೆ ಗೇಟಿನಲ್ಲಿ ಕಾವಲಿನವನು ಎಂದಿನಂತೆ ಹೆಂಗಸರ ಬಟ್ಟೆ ಕೊಡವಿಸಿ, ಮಡಿಲಲ್ಲಿ ಕಾಳಿದೆಯೇ ಎಂದು ಕೈ ಹಾಕಿ ನೋಡಿದಾಗ ಅವಳು ಎಂದಿನಂತೆ ಹಲ್ಲು ಕಚ್ಚಲಿಲ್ಲ. ಮಡಿಲಲ್ಲಿ ಏನೂ ಇರಲಿಲ್ಲ. ಹೊಟ್ಟೆಯೊಳಗೆ ಇತ್ತು, ಅಲ್ಲಿಗೆ ಅವನ ಕೈ ಹೋಗುವುದಿಲ್ಲ.

ಮಾರನೇ ಬೆಳಿಗ್ಗೆ ಸಾಹೇಬನ ಬಳಿ ಹೋದಳು. ಮೆಟ್ಟಿಲಿನಲ್ಲಿ ನಿಂತು ಹೇಳಿದಳು. ಇಪ್ಪತ್ತಲ್ಲ, ಇಪ್ಪತ್ತಮೂರು. ಹಗ್ಗ ಕುಗ್ಗಿದೆ. ತಂಗಿ ಎಣಿಸಿಲ್ಲ. ತೊಟ್ಟಿಯ ಹತ್ತಿರ ತಾನು ಬಾಯಿ ಮುಚ್ಚಿಕೊಂಡಿದ್ದನ್ನು ಮಾತ್ರ ಹೇಳಲಿಲ್ಲ.

ಸಾಹೇಬನ ಮುಖ ಬಿಳುಚಿತು. ಹೊರಗೆ ಬಂದು ಬಾಗಿಲು ಎಳೆದುಕೊಂಡ. "ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ."

 ಆಮೇಲೆ ಅವನ ದನಿಗೆ ಎಣ್ಣೆ ಹಚ್ಚಿದಂತಾಯಿತು. "ಮೇಲೆ ಬಾ. ಕೂತ್ಕೋ."

ಹಗ್ಗದಕ್ಕ ಹತ್ತಿದಳು. ಅದೇ ಕುರ್ಚಿ. ಕೂತಳು. ತಂತಿ ಸುತ್ತಿದ ಕಾಲು ಕಿರ್ ಎಂದಿತು.

"ನೋಡು, ವರದಿ ಹೋಗಿಬಿಟ್ಟಿದೆ. ಈಗ ತಿದ್ದೋಕಾಗಲ್ಲ. ನಾಳಿದ್ದು ಜನ ಬರ್ತಾರೆ, ಯಾರಾದ್ರೂ ಎಣಿಸಿದ್ರೆ ಎಲ್ಲರ ಮಾನವೂ ಹೋಗುತ್ತೆ. ನೀನೊಂದು ಕೆಲಸ ಮಾಡು. ಸಾಲಿಗೆ ಮೂರು ಬುಡ ಕಿತ್ತುಬಿಡು. ತುದಿಗೆರಡು, ನಡುವೆ ಒಂದು. ಮಣ್ಣು ಎಳೆದು ತುಳಿದುಬಿಡು. ನಿನ್ನ ಕೈ ಪಳಗಿದ ಕೈ, ಗೊತ್ತಾಗದ ಹಾಗೆ ಮಾಡ್ತೀಯ."

"ಮಾಡಿದ್ರೆ?"

"ಹುದ್ದೆ ನಿನಗೆ. ಬರೆಯೋದೇನು ಮಹಾ, ಯಾರು ಬೇಕಾದ್ರೂ ಬರೀತಾರೆ. ಅನುಭವ ಮುಖ್ಯ. ಹದಿನೆಂಟು ವರ್ಷ ಅಂದ್ರೆ ಹುಡುಗಾಟವಾ?" ಎಂದ. "ನಿನ್ನ ತಂಗಿಗೆ ನಾನು ಹೇಳ್ತೀನಿ. ಎಣಿಸದೇ ಬರೆದೋಳು ತಾನೇ."

ಅವಳು ಕೇಳಬೇಕೆಂದು ಹದಿನೆಂಟು ವರ್ಷ ಕಾದ ಮಾತು ಅದು. ಅದೇ ಬಾಯಿಂದ ಬಂತು. ಆದರೂ ಯಾಕೋ ಹಳಸಿದ ಅನ್ನದ ಹಾಗೆ ಎನ್ನಿಸಿತು. ಮೆಟ್ಟಿಲಿಗೆ ಹೋಲಿಸಿದ ನಾಲಿಗೆ ನಾಲ್ಕೇ ತಿಂಗಳಲ್ಲಿ ಹೀಗೆ ಮಗುಚಿಕೊಂಡರೆ ಯಾರಿಗೆ ನಂಬಿಕೆ ಬರುತ್ತದೆ? ಆದರೆ ಎರಡು ಕೋಣೆ. ಒಳಗೇ ನಲ್ಲಿ. ಅವಳು ಹೂಂ ಎಂದಳು.

ಮಧ್ಯಾಹ್ನ ಗುದ್ದಲಿ ಹಿಡಿದು ಏಳನೇ ತಾಕಿಗೆ ಹೋದಳು. ಮೆಕ್ಕೆಜೋಳದ ಬುಡ ಕೀಳುವುದು ಸುಲಭವಲ್ಲ. ಗಿಡ ಕಡಿದರೂ ಬೇರು ಹಟ ಬಿಡುವುದಿಲ್ಲ. ಸುತ್ತ ಗುದ್ದಲಿ ಹೊಡೆದು, ಮಂಡಿಯೂರಿ, ಎರಡೂ ಕೈಯಲ್ಲಿ ತಿರುಚಿ ಎಳೆಯಬೇಕು. ಕತ್ತರಿಸಿದ ದಂಟಿನ ಅಂಚು ಅಂಗೈ ಕೊಯ್ಯುತ್ತಿತ್ತು. ಮೊದಲ ಸಾಲಿನಲ್ಲಿ ಮೂರು ಕಿತ್ತಳು, ಮಣ್ಣೆಳೆದು ತುಳಿದಳು. ಎರಡನೇ ಸಾಲಿನಲ್ಲಿ ಮೂರು. ಕೆಲಸ ಚೊಕ್ಕವಾಗಿತ್ತು. ಸುಳ್ಳು ಹೇಳಲು ಕೂಡ ಇವರಿಗೆ ನಮ್ಮ ಕೈಯೇ ಬೇಕು ಎಂದುಕೊಂಡಳು.

ಮೂರನೇ ಸಾಲಿಗೆ ಗುದ್ದಲಿ ಎತ್ತುವ ಹೊತ್ತಿಗೆ ತಂಗಿ ನೀರಿನ ಕ್ಯಾನು ಹಿಡಿದು ಬದುವಿನ ಮೇಲೆ ಬಂದಳು. ಕಣ್ಣು ಊದಿತ್ತು. ಕಂಕುಳಲ್ಲಿ ಪುಸ್ತಕ ಇನ್ನೂ ಇತ್ತು, ನಾಳಿದ್ದಿನವರೆಗೆ ಅವಳದೇ ಕೆಲಸ. ಅಕ್ಕ ತಾಕು ಚೊಕ್ಕಟ ಮಾಡುತ್ತಿದ್ದಾಳೆ ಎಂದುಕೊಂಡಳೋ ಏನೋ, ಬುಡಗಳತ್ತ ನೋಡಲಿಲ್ಲ.

"ಸಾಹೇಬ್ರು ಹೇಳಿದ್ರು ಅಕ್ಕಾ. ಹುದ್ದೆ ನಿನಗಂತೆ."

ಹಗ್ಗದಕ್ಕ ಗುದ್ದಲಿ ಇಳಿಸಿದಳು. ಜಗಳ ಬರಲಿ ಎಂದು ಕಾದಳು. ಜಗಳ ಬಂದರೆ ಎಲ್ಲ ಸುಸೂತ್ರವಾಗುತ್ತಿತ್ತು. ನಾಲ್ಕು ತಿಂಗಳಿಂದ ಕೂಡಿಟ್ಟ ಮಾತುಗಳು ಅವಳ ಬಾಯಲ್ಲಿ ಸಾಲುಗಟ್ಟಿ ನಿಂತಿದ್ದವು.

"ಒಂದು ಲೆಕ್ಕಕ್ಕೆ ಅದೇ ಸರಿ" ಎಂದಳು ತಂಗಿ. "ಅವತ್ತು ಆ ಕುರ್ಚಿಲಿ ಕೂತಾಗ್ಲೇ ನನಗೆ ಮುಳ್ಳಿನ ಮೇಲೆ ಕೂತ ಹಾಗಿತ್ತು. ಎದ್ದುಬಿಡಬೇಕಿತ್ತು, ಏಳೋಕೆ ಧೈರ್ಯ ಬರ್ಲಿಲ್ಲ. ಮನೆ ಸಿಕ್ಕಿದ್ರೆ ನಿನ್ನ ಮಕ್ಕಳನ್ನೂ ಅಲ್ಲೇ ಮಲಗಿಸ್ಕೊಳ್ಳೋಣ ಅಂತಿದ್ದೆ. ಈಗ ನೀನೇ ಹೋಗ್ತೀಯಲ್ಲ, ಬಿಡು. ಹದಿನೆಂಟು ವರ್ಷ ನಿಂದು. ನಿನಗೆ ಬರಬೇಕಾದ್ದೇ."

ಕ್ಯಾನು ಕೆಳಗಿಟ್ಟು ಹೋದಳು.

ಹಗ್ಗದಕ್ಕ ಗುದ್ದಲಿ ಬಿಸಾಕಿ ಬದುವಿನ ಮೇಲೆ ಕೂತಳು. ಕಿಚ್ಚು ಆರಲಿಲ್ಲ, ಇನ್ನೂ ಜಾಸ್ತಿಯಾಯಿತು. ಅಕ್ಷರ ಅವಳಿಗೆ, ಪೆನ್ನು ಅವಳಿಗೆ, ವಾಸಿಯಾದ ಬೆರಳು ಅವಳಿಗೆ. ಈಗ ಒಳ್ಳೆಯತನವೂ ಅವಳಿಗೇ. ಕೈಗೆ ಬಂದ ತುತ್ತು ಕಿತ್ತುಕೊಂಡವಳ ಮುಂದೆ ನಿಂತು ನಿನಗೆ ಬರಬೇಕಾದ್ದೇ ಎನ್ನುವ ಆ ಮನಸ್ಸು ತನಗೆ ಯಾಕೆ ಇಲ್ಲ? ಶಾಲೆ ಬಿಟ್ಟ ದಿನದಿಂದ ತಾನು ಬಿಟ್ಟುಕೊಟ್ಟದ್ದನ್ನೆಲ್ಲ ಲೆಕ್ಕ ಇಟ್ಟಿದ್ದಳು. ತಂಗಿ ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟು, ನೀರಿಟ್ಟು, ಹೋಗಿಬಿಟ್ಟಳು.

ಹಾಗೆ ಉರಿಯುತ್ತ ಕೂತಾಗಲೇ ಇನ್ನೊಂದು ಹೊಳೆಯಿತು. ಈ ಉರಿ ಸಾಹೇಬನಿಗೆ ಮೊದಲಿಂದಲೂ ಗೊತ್ತಿತ್ತು. ಒಬ್ಬಳನ್ನು ಮೇಲೆ ಕರೆದು ಇನ್ನೊಬ್ಬಳನ್ನು ಮೆಟ್ಟಿಲಲ್ಲಿ ನಿಲ್ಲಿಸಿದ. ಬೇಕಾದಾಗ ಅವಳನ್ನು ಇಳಿಸಿ ಇವಳನ್ನು ಹತ್ತಿಸಿದ. ಇಬ್ಬರನ್ನು ಕೂರಿಸಲು ಅವನ ಬಳಿ ಇದ್ದದ್ದು ಅದೊಂದೇ ಮುರಿದ ಕುರ್ಚಿ. ನಾಳೆ ಇವಳನ್ನೂ ಇಳಿಸುತ್ತಾನೆ. ಬುಡ ಕಿತ್ತವಳು ಎಂಬ ಮಾತೊಂದು ಸಾಕು, ಸಾಯುವವರೆಗೆ ಮೂಗುದಾರ ಹಾಕಿದ ಹಾಗೆ.

ಆರು ಸಾಲು ಹಾಗೇ ಉಳಿದವು. ಸಂಜೆ ಸಾಹೇಬ, "ಆಯ್ತಾ?" ಎಂದ. "ನನ್ನ ಕೈಲಿ ಆಗೋಷ್ಟು ಆಯ್ತು" ಎಂದಳು. ಅವನು ಹೋಗಿ ನೋಡಲಿಲ್ಲ. ಮಣ್ಣಿಗೆ ಕಾಲಿಡುವ ಸಾಹೇಬನಲ್ಲ ಅವನು.

ಜನ ಬಂದ ದಿನ ತಾಕಿನ ಪಕ್ಕ ಚಪ್ಪರ ಹಾಕಿದ್ದರು. ಬೆಳೆಗಾರರಿಗೆ ಕುರ್ಚಿ, ನಿರ್ದೇಶಕಿಗೆ ಮೆತ್ತನೆಯ ಕುರ್ಚಿ. ಕೂಲಿ ಹೆಂಗಸರು ಬೀಜದ ಉಗ್ರಾಣದ ಹಿಂದೆ ನಿಲ್ಲಬೇಕು, ಕರೆದಾಗ ಲೋಟ ತೊಳೆಯಲು ಬರಬೇಕು. ತಂಗಿ ಪುಸ್ತಕ ಹಿಡಿದು ಸಾಹೇಬನ ಹಿಂದೆ ನಿಂತಿದ್ದಳು. ಹುದ್ದೆಯ ಕಾಗದ ತೆಗೆದುಕೊಳ್ಳಲು ಹಗ್ಗದಕ್ಕನಿಗೆ ಹೊಸ ಬಟ್ಟೆ ಹಾಕಿಕೊಂಡು ಬರಲು ಹೇಳಿದ್ದರು. ಅವಳು ಹಳೆಯದರಲ್ಲೇ ಬಂದಳು.

ಸಾಹೇಬ ಮಾತಾಡಿದ. ಅಂತರ ಕಾಯ್ದುಕೊಳ್ಳಬೇಕು, ಗಿಡಕ್ಕೂ ಗಾಳಿ ಬೆಳಕು ಬೇಕು, ಒತ್ತೊತ್ತಾಗಿ ತುರುಕಿ ಎಷ್ಟು ಗೊಬ್ಬರ ಸುರಿದರೂ ತೆನೆ ತುಂಬುವುದಿಲ್ಲ ಎಂದ. ಇಪ್ಪತ್ತೈದು ಸೆಂಟಿಮೀಟರು, ನಾಲ್ಕು ಪಾಲು ಗೊಬ್ಬರ, ಇದೇ ಮಂತ್ರ ಎಂದ. ಉಗ್ರಾಣದ ಹಿಂದಿನ ಹೆಂಗಸರಲ್ಲಿ ಒಬ್ಬಳು, "ನಮ್ಮ ಸಾಲುಮನೆ ಅಳೆಯೋಕೆ ಇವರನ್ನ ಕರೀಬೇಕು ಕಣೇ" ಎಂದಳು. ಉಳಿದವರು ಬಾಯಿಗೆ ಬಟ್ಟೆ ಇಟ್ಟು ನಕ್ಕರು.

ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕ ಬೆಳೆಗಾರನೊಬ್ಬ ಎದ್ದ. "ಇಷ್ಟು ಅಗಲ ಬಿಟ್ರೆ ಗಿಡ ಕಮ್ಮಿಯಾಗುತ್ತಲ್ಲ ಸ್ವಾಮಿ. ಗೊಬ್ಬರ ನೋಡಿದ್ರೆ ಜಾಸ್ತಿ ಅಂತೀರಿ. ನಮ್ಮ ಹೊಲದಲ್ಲೂ ಇಷ್ಟೇ ಬರುತ್ತಾ?"

"ಕಣ್ಣಾರೆ ನೋಡಿ. ಸಾಲಿಗೆ ಇಪ್ಪತ್ತೇ ಗಿಡ. ಬನ್ನಿ, ಎಣಿಸಿ" ಎಂದ ಸಾಹೇಬ. ದರ್ಪದಿಂದ ಮೊದಲ ಸಾಲಿಗೇ ಕರೆದುಕೊಂಡು ಹೋದ. ಮುದುಕ ಕೋಲಿನಿಂದ ಮುಟ್ಟಿ ಮುಟ್ಟಿ ಎಣಿಸಿದ. ಇಪ್ಪತ್ತು. ತಲೆಯಾಡಿಸಿದ. ನಿರ್ದೇಶಕಿ ಚಪ್ಪಾಳೆ ತಟ್ಟಿದಳು.

"ಮೂರನೇ ಸಾಲು ಎಣಿಸಿ ಅಜ್ಜಾ" ಎಂದಳು ಹಗ್ಗದಕ್ಕ.

ಎಲ್ಲರೂ ತಿರುಗಿದರು. ಅವಳು ಉಗ್ರಾಣದ ಹಿಂದಿನಿಂದ ಬಂದು ತಾಕಿನ ನಡುವೆ ನಿಂತಿದ್ದಳು. ಸಾಹೇಬ ಕಣ್ಣಲ್ಲೇ ಗದರಿದ. ಅವಳು ನೋಡಲಿಲ್ಲ. ಬಗ್ಗಿದಳು. ಹದಿನೆಂಟು ವರ್ಷ ಯಾರದೋ ಮಾತಿಗೆ ಬಗ್ಗಿದ ಸೊಂಟ ಅವತ್ತು ತನ್ನ ಮಾತಿಗೆ ಬಗ್ಗಿತು. ಮೊದಲ ಬುಡಕ್ಕೆ ಕೈಯಿಟ್ಟು, "ಒಂದು" ಎಂದಳು.

"ಯಾರದು? ಕರ್ಕೊಂಡು ಹೋಗ್ರಿ ಅವಳನ್ನ" ಎಂದ ಸಾಹೇಬ. ಗೇಟಿನ ಕಾವಲಿನವನು ಓಡಿಬಂದ. ರಟ್ಟೆಗೆ ಕೈ ಹಾಕಿದ. ಅವಳು ಕೊಡವಿಕೊಂಡಳು.

"ಮುಟ್ಟಬೇಡ. ಮಡಿಲಲ್ಲಿ ಏನೂ ಇಲ್ಲ. ಏಳು. ಎಂಟು. ಒಂಬತ್ತು."

"ಬಿಡಪ್ಪಾ, ಎಣಿಸ್ಲಿ" ಎಂದ ಮುದುಕ. ಅವನೂ ಕೋಲು ಊರುತ್ತ ಪಕ್ಕದಲ್ಲೇ ನಡೆದ. ಹದಿನಾರು ದಾಟಿದ ಮೇಲೆ ಚಪ್ಪರದಲ್ಲಿದ್ದ ಇನ್ನೂ ನಾಲ್ಕೈದು ಬೆಳೆಗಾರರು ದನಿಗೂಡಿಸಿದರು. ಇಪ್ಪತ್ತು ಬಂತು. ಸಾಲು ಮುಗಿಯಲಿಲ್ಲ. ಇಪ್ಪತ್ತೊಂದು. ಇಪ್ಪತ್ತೆರಡು. ಇಪ್ಪತ್ತಮೂರು.

ನಿರ್ದೇಶಕಿ ಸಾಹೇಬನ ಕಡೆ ತಿರುಗಿದಳು. ಸಾಹೇಬ ತಂಗಿಯ ಕಡೆ ತಿರುಗಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. "ಹಗ್ಗ ಹಿಡಿದೋಳು ಇವಳು ಮೇಡಂ. ಲೆಕ್ಕ ಬರೆದೋಳೂ ಇವಳೇ. ಈ ಜನಕ್ಕೆ ಜವಾಬ್ದಾರಿ ಕೊಟ್ರೆ ಹೀಗೇ."

ತಂಗಿ ಪುಸ್ತಕವನ್ನು ಎದೆಗವಚಿಕೊಂಡಳು. 

"ಹಗ್ಗ ಅವಳು ಹಿಡಿದ್ಲು, ನಿಜ" ಎಂದಳು ಹಗ್ಗದಕ್ಕ. "ಹೊಸ ಹಗ್ಗ ನೆನೆದ್ರೆ ಕುಗ್ಗುತ್ತೆ. ಅದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರ್ಲಿಲ್ಲ. ತೊಟ್ಟಿಲಿ ಬಿದ್ದಿದ್ದನ್ನ ನೋಡಿದೆ. ಹೇಳ್ಲಿಲ್ಲ. ಮೊದಲೆರಡು ಸಾಲಲ್ಲಿ ಮೂರ್ಮೂರು ಬುಡ ಕಿತ್ತೋಳೂ ನಾನೇ. ಕೀಳು ಅಂತ ಇವರು ಹೇಳಿದ್ರು. ಮಣ್ಣು ಕೆದಕಿ ನೋಡಿ, ಹರಿದ ಬೇರು ಇನ್ನೂ ಅಲ್ಲೇ ಇದೆ."

"ಯಾಕೆ ಕಿತ್ತೆ?" ಎಂದಳು ನಿರ್ದೇಶಕಿ.

"ಖಾಯಂ ಮಾಡ್ತೀನಿ ಅಂದ್ರು."

"ಮತ್ತೆ ಈಗ ಯಾಕೆ ಹೇಳ್ತಿದೀಯ? ಇನ್ನು ಆ ಹುದ್ದೆ ಸಿಗಲ್ಲ ಅಂತ ಗೊತ್ತಿಲ್ವಾ?"

"ಗೊತ್ತು. ನನಗೆ ನನ್ನ ತಂಗಿ ಮೇಲೆ ಹೊಟ್ಟೆಕಿಚ್ಚು ಇದೆ ಅಮ್ಮಾ. ಇವತ್ತೂ ಇದೆ. ಅದು ನಮ್ಮ ಮನೆ ವಿಷಯ, ನಾವು ಜಗಳ ಆಡ್ಕೋತೀವಿ. ಅದನ್ನ ಇವರು ಗೊಬ್ಬರ ಮಾಡ್ಕೊಂಡು ಬೆಳೆ ತೆಗೀಬಾರ್ದು."

 ಮುದುಕ ಬಗ್ಗಿ, ಎರಡು ಬುಡಗಳ ನಡುವೆ ಗೇಣು ಹಾಕಿ ನೋಡುತ್ತಿದ್ದ. "ಹಾಗಾದ್ರೆ ಬಿತ್ತಬೇಕಾದ್ದು ಇಪ್ಪತ್ತೈದಕ್ಕಲ್ಲ" ಎಂದ.

"ಒಂದು ಗೇಣು, ಒಂದು ಬೆರಳು" ಎಂದಳು ಹಗ್ಗದಕ್ಕ. "ನನ್ನ ಗೇಣು. ನಿಮ್ಮದು ದೊಡ್ಡದು."

ತಂಗಿ ಚಪ್ಪರದ ಕಡೆಯಿಂದ ತಾಕಿನೊಳಕ್ಕೆ ಬಂದಳು. ಅಕ್ಕನ ಎದುರು ನಿಂತಳು. ಮುಖದಲ್ಲಿ ಅಳುವಿರಲಿಲ್ಲ.

"ನೀನು ನೋಡಿದ್ದೆ" ಎಂದಳು.

"ಹೂಂ."

"ಸರಿಯಾಗಿ ನೆಂದಿದೆಯಾ ಅಂತ ನಾನು ಕೇಳಿದ್ದೆ."

"ಕೇಳಿದ್ದೆ."

ಹಗ್ಗದಕ್ಕ ಕೆನ್ನೆಗೆ ಏಟು ಬೀಳುತ್ತದೆ ಎಂದುಕೊಂಡಳು. ಬೀಳಬೇಕಾದ್ದೇ. ಬೀಳಲಿಲ್ಲ. ತಂಗಿ ಪುಸ್ತಕ ಬಿಚ್ಚಿದಳು. ಪೆನ್ನು ತೆಗೆದಳು. ಮೂರನೇ ಸಾಲಿನ ಇಪ್ಪತ್ತಕ್ಕೆ ಅಡ್ಡ ಗೆರೆ ಎಳೆದು ಮೇಲೆ ಇಪ್ಪತ್ತಮೂರು ಎಂದು ಬರೆದಳು. ಎಷ್ಟು ಚಂದ ಬರೆದಳೆಂದರೆ ಹಗ್ಗದಕ್ಕನ ಹೊಟ್ಟೆ ಮತ್ತೆ ಚುರ್ ಎಂದಿತು.

"ಪುಸ್ತಕ ಇಲ್ಲಿ ಕೊಡು" ಎಂದು ಸಾಹೇಬ ಕೈ ಚಾಚಿದ. "ಕಚೇರಿ ಆಸ್ತಿ ಅದು. ಕೊಡು ಅಂದೆ. ನಾಳೆಯಿಂದ ಇಬ್ಬರೂ ಈ ಕಡೆ ಕಾಲಿಡಬೇಡಿ."

"ನಾಳೆ ತಾನೆ" ಎಂದಳು ತಂಗಿ. ಅವನಿಗೆ ಬೆನ್ನು ಹಾಕಿದಳು. ಮುಂದಿನ ಸಾಲಿಗೆ ಪೆನ್ನು ತೋರಿಸಿದಳು. ಅಕ್ಕಾ ಎಂದು ಕರೆಯಲಿಲ್ಲ. ಮುಂದೆಂದಾದರೂ ಕರೆದಾಳೋ ಇಲ್ಲವೋ.

"ಎಣಿಸು" ಎಂದಳು. "ಈ ಸಲ ನಾನೂ ನೋಡ್ತೀನಿ."